ವೇಗ ಬೇಕು ಸರಿ, ಆದ್ರೆ ಆ ಬೆನ್ನು ಯಾರದ್ದು?

ಭಾರತ ತಂಡ ಹೊರದೇಶದಲ್ಲಿ ಒಂದು ಟೆಸ್ಟ್ ಸೋತರೆ ಸಾಕು, ಟೀವಿಯಲ್ಲಿ ಒಂದೇ ರಾಗ: "ನಮ್ಮಲ್ಲಿ 150ರಲ್ಲಿ ಬೌಲ್ ಮಾಡೋರು ಇಲ್ಲ." ಗೆದ್ದರೆ ಅದೇ ಬಾಯಿಗಳು "ವೇಗ ಏನೂ ಅಲ್ಲ, ಲೈನ್ ಲೆಂತ್ ಮುಖ್ಯ" ಅಂತಾವೆ. ಕ್ರಿಕೆಟ್ ಬಗ್ಗೆ ಬರೆದಾಗಲೆಲ್ಲ ನಮ್ಮ ಬಳಗದ ಕೆಲವರು "ಇದೆಲ್ಲ ನಮಗ್ಯಾಕೆ, ಭೂಮಿ ಬಗ್ಗೆ, ಒಳಮೀಸಲಾತಿ ಬಗ್ಗೆ ಬರೀರಿ" ಅಂತ ಗದರಿಸ್ತಾರೆ. ಗೆಳೆಯರೇ, ಈ ಪ್ರಶ್ನೆ ಮೈದಾನದ್ದು, ಅಂದ್ರೆ ಭೂಮಿಯದ್ದು. ತಟ್ಟೆಯದ್ದೂ ಹೌದು. ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ನೇರ ಉತ್ತರ ಹೇಳಿಬಿಡ್ತೀನಿ. ವೇಗ ಮುಖ್ಯ. ಪಿಚ್ 22 ಗಜ. ಬೌಲರ್ ಕೈ ಬಿಟ್ಟ ಜಾಗದಿಂದ ಬ್ಯಾಟಿಗೆ ಹೆಚ್ಚುಕಮ್ಮಿ ಹದಿನೇಳೂವರೆ ಮೀಟರ್. ಗಾಳಿ, ನೆಲದ ತಡೆ ಬಿಟ್ಟು ಲೆಕ್ಕ ಹಾಕಿದರೆ 130 ಕಿ.ಮೀ. ವೇಗದ ಚೆಂಡಿಗೆ ಬ್ಯಾಟ್ಸ್‌ಮನ್ ಹತ್ತಿರ 0.48 ಸೆಕೆಂಡ್ ಇರುತ್ತೆ. 150ರ ಚೆಂಡಿಗೆ 0.42. ಕಣ್ಣು ಮಿಟುಕಿಸೋದಕ್ಕಿಂತ ಚಿಕ್ಕ ವ್ಯತ್ಯಾಸ. ಆದ್ರೆ ಮುಂದೆ ಬರಬೇಕಾ, ಹಿಂದೆ ಹೋಗಬೇಕಾ ಅಂತ ಕಾಲು ತೀರ್ಮಾನ ಮಾಡೋದು ಅಷ್ಟರಲ್ಲೇ.

ನಮ್ಮ ವಿನಯ್ ಕುಮಾರ್‌ನ ನೆನಪು ಮಾಡ್ಕೊಳ್ಳಿ. ದಾವಣಗೆರೆಯ ಹುಡುಗ, ಕರ್ನಾಟಕಕ್ಕೆ ಸತತ ಎರಡು ರಣಜಿ ಟ್ರೋಫಿ ತಂದುಕೊಟ್ಟ ನಾಯಕ, ಪ್ರಥಮ ದರ್ಜೆಯಲ್ಲಿ 500ಕ್ಕೂ ಹೆಚ್ಚು ವಿಕೆಟ್. 2012ರಲ್ಲಿ ಪರ್ತ್‌ನಲ್ಲಿ ಒಂದೇ ಒಂದು ಟೆಸ್ಟ್ ಆಡಿದ. 73 ರನ್‌ಗೆ ಒಂದು ವಿಕೆಟ್. ಡೇವಿಡ್ ವಾರ್ನರ್ ಆ ಇನಿಂಗ್ಸಲ್ಲಿ 180 ಚಚ್ಚಿದ. ವಿನಯ್‌ನ ಕೌಶಲ ಸುಳ್ಳಲ್ಲ. ಆದ್ರೆ ಆಸ್ಟ್ರೇಲಿಯಾದಲ್ಲಿ ಬಳಸೋ ಕೂಕಬುರಾ ಚೆಂಡಿನ ಹೊಲಿಗೆ ಬೇಗ ಸವೆಯುತ್ತೆ. ಸ್ವಿಂಗ್ ನಿಂತ ಮೇಲೆ, ಪಿಚ್ ಸಪ್ಪೆಯಾದ ಮೇಲೆ ಬೌಲರ್ ಕೈಲಿ ಉಳಿಯೋದು ಎರಡೇ: ಎತ್ತರ, ವೇಗ. ಅವೆರಡೂ ಇಲ್ಲದವನು ಅಲ್ಲಿ ಬರಿಗೈ.

ಹಾಗಂತ ವೇಗವೊಂದೇ ಸಾಕಾ? ಸಾಲದು. 2020ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಲ್ಲಿ ಭಾರತ 36ಕ್ಕೆ ಮುದುರಿಕೊಂಡಾಗ ಹೇಜಲ್‌ವುಡ್ 8 ರನ್‌ಗೆ 5 ವಿಕೆಟ್ ತೆಗೆದಿದ್ದು 150ರ ಸಿಡಿಲಿನಿಂದಲ್ಲ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಚೆಂಡು ಬಡಿದು. ಆಂಡರ್ಸನ್‌ನ 704 ಟೆಸ್ಟ್ ವಿಕೆಟ್‌ಗಳನ್ನ ಸ್ಪೀಡ್ ಗನ್ ಕೊಟ್ಟಿಲ್ಲ. ಫಿಲಾಂಡರ್ 130ರ ಆಸುಪಾಸಲ್ಲೇ 224 ವಿಕೆಟ್ ತೆಗೆದ. ನಮ್ಮ ಶ್ರೀನಾಥ್ ವೇಗದಲ್ಲಿ ಹೆದರಿಸಿದರೆ ಇನ್ನೊಂದು ತುದಿಯಲ್ಲಿ ವೆಂಕಟೇಶ್ ಪ್ರಸಾದ್ ನಿಧಾನದ ಚೆಂಡಲ್ಲಿ ಏಮಾರಿಸ್ತಿದ್ದ. ಅಂದ್ರೆ ನಾಲ್ಕು ಬೌಲರ್‌ಗಳಲ್ಲಿ ಒಬ್ಬನಾದ್ರೂ ನಿಜವಾದ ವೇಗದವನು ಬೇಕು. ನಾಲ್ವರೂ ಅವನೇ ಆಗಬೇಕಿಲ್ಲ. ಕ್ರಿಕೆಟ್ ವಾದ ಇಷ್ಟೇ.

ನನ್ನ ತಕರಾರು ಇರೋದು "ರಾ ಪೇಸ್" ಅನ್ನೋ ಮಾತಿನ ಬಗ್ಗೆ. ರಾ ಅಂದ್ರೆ ಹಸಿ. ಬೇಯಿಸದ್ದು. ಕಾಮೆಂಟರಿ ಕೇಳಿ ನೋಡಿ. ಬ್ಯಾಟ್ಸ್‌ಮನ್‌ಗೆ "ಟೆಕ್ನಿಕ್", "ಟೆಂಪರಮೆಂಟ್", "ಕ್ಲಾಸ್". ವೇಗದ ಬೌಲರ್‌ಗೆ "ರಾ", "ನ್ಯಾಚುರಲ್", "ಬಲಶಾಲಿ". ಒಬ್ಬನಿಗೆ ತಲೆ, ಇನ್ನೊಬ್ಬನಿಗೆ ಮೈ. ಈ ಹಂಚಿಕೆ ಎಲ್ಲಿಂದ ಬಂತು ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ವೆಸ್ಟ್ ಇಂಡೀಸ್ ವಿಷಯದಲ್ಲೂ ಇದೇ ಆಯ್ತು. 1976ರಲ್ಲಿ ಇಂಗ್ಲೆಂಡ್ ನಾಯಕ ಟೋನಿ ಗ್ರೆಗ್ ಅವರನ್ನ ಮಂಡಿಯೂರಿ ಬೇಡುವಂತೆ ಮಾಡ್ತೀವಿ ಅಂದ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಬಿಳಿಯನ ಬಾಯಲ್ಲಿ, ಅಪಾರ್ತೀಡ್ ಕಾಲದಲ್ಲಿ ಬಂದ ಮಾತು ಅದು. ಮೈಕೆಲ್ ಹೋಲ್ಡಿಂಗ್ ಓವಲ್‌ನ ಸತ್ತ ಪಿಚ್ ಮೇಲೆ 14 ವಿಕೆಟ್ ತೆಗೆದು ಉತ್ತರ ಕೊಟ್ಟ. ಸರಣಿ 3-0. ಆಮೇಲೆ 1980ರಿಂದ 1995ರವರೆಗೆ ಆ ತಂಡ ಒಂದೂ ಟೆಸ್ಟ್ ಸರಣಿ ಸೋಲಲಿಲ್ಲ. ಆಗ ಪಂಡಿತರು ಹೇಳಿದ್ದೇನು? "ಕಪ್ಪು ಜನರಿಗೆ ಹುಟ್ಟಾ ಶಕ್ತಿ." ಆಂಡಿ ರಾಬರ್ಟ್ಸ್ ಎರಡು ಬೇರೆ ಬೇರೆ ವೇಗದ ಬೌನ್ಸರ್ ಹಾಕಿ ಬ್ಯಾಟ್ಸ್‌ಮನ್‌ಗೆ ಬೋನು ಹೂಡ್ತಿದ್ದ ತಲೆ ಯಾರಿಗೂ ಕಾಣಲಿಲ್ಲ. ಡೆನಿಸ್ ವೇಟ್ ಅನ್ನೋ ತರಬೇತುದಾರ ವರ್ಷಗಟ್ಟಲೆ ಓಡಿಸಿ ಬಗ್ಗಿಸಿ ಮೈ ಹದ ಮಾಡಿಸಿದ್ದೂ ಕಾಣಲಿಲ್ಲ. ದುಡಿಮೆಯನ್ನ "ಹುಟ್ಟುಗುಣ" ಅಂದುಬಿಟ್ಟರೆ ಅದಕ್ಕೆ ಕೂಲಿ ಕೊಡಬೇಕಾಗಿಲ್ಲ ನೋಡಿ.

ನಮ್ಮ ಚರಿತ್ರೆಗೆ ಬರೋಣ. ಭಾರತದ ಮೊದಲ ದೊಡ್ಡ ಬೌಲರ್ ಪಳವಣಕರ್ ಬಾಲೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮ್ಮಾರ ಕುಟುಂಬದಲ್ಲಿ. ಪುಣೆಯ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆದು, ಬಿಳಿ ಸಾಹೇಬರಿಗೆ ನೆಟ್ಸ್‌ನಲ್ಲಿ ಗಂಟೆಗಟ್ಟಲೆ ಚೆಂಡು ಹಾಕಿದ. ಅಲ್ಲಿ ಅವನ ಕೈಗೆ ಬ್ಯಾಟ್ ಮಾತ್ರ ಕೊಡಲಿಲ್ಲ. ಮುಂದೆ ಹಿಂದೂ ತಂಡಕ್ಕೆ ಆಡುವಾಗ ಅವನಿಗೆ ಚಹಾ ಹೊರಗೆ, ಮಣ್ಣಿನ ಲೋಟದಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಸಿಗಲೇ ಇಲ್ಲ. ಅದು ಅವನ ತಮ್ಮ ವಿಠಲನಿಗೆ ದಕ್ಕಿದ್ದು 1923ರಲ್ಲಿ, ದೊಡ್ಡ ಜಗಳದ ನಂತರ. ಗಮನಿಸಿ, ಬಾಲೂ ವೇಗದವನಲ್ಲ, ಎಡಗೈ ಸ್ಪಿನ್ನರ್. ತಲೆಯಿಂದ ಮಾಡೋ ಬೌಲಿಂಗ್ ಅದು. ಅದಕ್ಕೇ ನಮ್ಮವರೇ ಯಾರಾದ್ರೂ "ನಮ್ಮ ಹುಡುಗರಿಗೆ ರಟ್ಟೆ ಬಲ ಹುಟ್ಟಿನಿಂದಲೇ ಇದೆ, ವೇಗ ನಮ್ಮದು" ಅಂದರೆ ನಾನು ಒಪ್ಪಲ್ಲ. ಅದು ಹೊಗಳಿಕೆ ಥರ ಕಾಣೋ ಮನುಸ್ಮೃತಿ. ರಟ್ಟೆ ರಕ್ತದಿಂದ ಬರಲ್ಲ, ಅನ್ನದಿಂದ ಬರುತ್ತೆ, ಅಭ್ಯಾಸದಿಂದ ಬರುತ್ತೆ.

ಹಾಗಾದ್ರೆ ಬಡವರ ಮನೆಯಿಂದ ಇಷ್ಟೊಂದು ವೇಗದ ಬೌಲರ್‌ಗಳು ಯಾಕೆ ಬರ್ತಾರೆ? ಉಮೇಶ್ ಯಾದವ್ ಕಲ್ಲಿದ್ದಲು ಗಣಿ ಕಾರ್ಮಿಕನ ಮಗ. ಸಿರಾಜ್ ಹೈದರಾಬಾದಿನ ಆಟೋ ಚಾಲಕನ ಮಗ. ನಟರಾಜನ್ ಸೇಲಂ ಜಿಲ್ಲೆಯ ಹಳ್ಳಿಯವನು, ತಾಯಿ ರಸ್ತೆ ಬದಿ ಅಂಗಡಿ ಇಟ್ಟಿದ್ದವರು. ಕಾರಣ ಸರಳ. ಬ್ಯಾಟ್ಸ್‌ಮನ್ ಆಗೋಕೆ ಒಳ್ಳೆ ಬ್ಯಾಟು, ಪ್ಯಾಡು, ಟರ್ಫ್ ಪಿಚ್ಚು, ದಿನಾ ಚೆಂಡು ಹಾಕೋ ಇನ್ನೊಬ್ಬ, ಇಷ್ಟೆಲ್ಲ ಬೇಕು. ಬೌಲರ್ ಆಗೋಕೆ ಟೆನಿಸ್ ಬಾಲು, ಖಾಲಿ ಜಾಗ ಸಾಕು. ಇದ್ದ ಒಂದೇ ಬಾಗಿಲಲ್ಲಿ ಬಂದವರು ಇವರು.

ಒಳಗೆ ಬಂದ ಮೇಲೆ ಏನಾಗುತ್ತೆ? ಮುಂಗಾಲು ಊರಿದ ಪ್ರತಿಸಲ ವೇಗದ ಬೌಲರ್ ಮೈಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತೆ. ಸೊಂಟದ ಮೂಳೆ ಬಿರುಕು ಬಿಡೋದು ಈ ಕಸುಬಿನ ರೋಗ. ಬುಮ್ರಾ ಅಂಥವನೇ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಅವನಿಗೆ ವಿಶ್ರಾಂತಿ ಸಿಗುತ್ತೆ, ಸಿಗಲೇಬೇಕು. ಆದ್ರೆ ಜಮ್ಮುವಿನ ಹಣ್ಣಿನ ವ್ಯಾಪಾರಿಯ ಮಗ ಉಮ್ರಾನ್ ಮಲಿಕ್ ಏನಾದ? 2022ರ ಐಪಿಎಲ್‌ನಲ್ಲಿ 157 ಮುಟ್ಟಿದಾಗ ದೇಶವೇ ಕುಣೀತು. 10 ಏಕದಿನ, 8 ಟಿ20, ಅಲ್ಲಿಗೆ ಮರೆತುಬಿಟ್ಟರು. ಒಂದೂ ಟೆಸ್ಟ್ ಇಲ್ಲ. "ವೇಗ ಇದೆ, ನಿಯಂತ್ರಣ ಇಲ್ಲ" ಅಂದರು. ನಿಯಂತ್ರಣ ಕಲಿಸಬಹುದಾದದ್ದು. ಕಲಿಸೋಕೆ ವರ್ಷಗಳು ಬೇಕು, ಆ ವರ್ಷಗಳಲ್ಲಿ ಸಂಬಳ ಬೇಕು, ಸೋತಾಗ ಇನ್ನೊಂದು ಅವಕಾಶ ಬೇಕು. ಬ್ಯಾಟ್ಸ್‌ಮನ್‌ಗಳಿಗೆ ಅದನ್ನ "ಬೆಂಬಲಿಸೋದು" ಅಂತಾರೆ.

ದಕ್ಷಿಣ ಆಫ್ರಿಕಾ ನೋಡಿ. ಮಖಾಯ ಎನ್ಟಿನಿ ಮ್ಡಿಂಗಿ ಅನ್ನೋ ಹಳ್ಳಿಯಲ್ಲಿ ದನ ಕಾಯ್ತಿದ್ದ ಹುಡುಗ. ಕ್ರಿಕೆಟ್ ಮಂಡಳಿಯ ಅಭಿವೃದ್ಧಿ ಯೋಜನೆ ಅವನನ್ನ ಗುರುತಿಸಿ ಒಳ್ಳೆ ಶಾಲೆಗೆ ಸೇರಿಸ್ತು. 1998ರಲ್ಲಿ ಟೆಸ್ಟ್ ಆಡಿದಾಗ "ಕೋಟಾ ಆಟಗಾರ" ಅಂತ ಮೂದಲಿಸಿದರು. ತಂಡದೊಳಗೇ ತಾನು ಎಷ್ಟು ಒಂಟಿಯಾಗಿದ್ದೆ ಅಂತ ಅವನು 2020ರಲ್ಲಿ ಬಾಯಿಬಿಟ್ಟ. 390 ಟೆಸ್ಟ್ ವಿಕೆಟ್ ತೆಗೆದೇ ಹೊರಟ. ಬಾಗಿಲು ತೆರೆದರೆ ಮೆರಿಟ್ ಹಾಳಾಗುತ್ತೆ ಅನ್ನೋರು ಈ ಸಂಖ್ಯೆಯನ್ನ ಬರೆದಿಟ್ಟುಕೊಳ್ಳಲಿ.

ಇನ್ನು ತಟ್ಟೆಯ ಮಾತು. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡ ಅಂದರು. ಅಪೌಷ್ಟಿಕತೆ ಹೆಚ್ಚಿರೋ ಜಿಲ್ಲೆಗಳು ಅವು. ಮಕ್ಕಳ ತಟ್ಟೆಯಿಂದ ಮೊಟ್ಟೆ ಕಿತ್ತುಕೊಂಡು, ಹದಿನೈದು ವರ್ಷ ಆದಮೇಲೆ "ನಮ್ಮಲ್ಲಿ ಯಾಕೆ ವೇಗದ ಬೌಲರ್ ಹುಟ್ಟಲ್ಲ" ಅಂತ ಕೇಳೋದಕ್ಕೆ ಯಾವ ಮುಖ ಇದೆ?

ಆದ್ದರಿಂದ 150 ಬೇಕು ಅನ್ನೋರಿಗೆ ನಮ್ಮ ಪಟ್ಟಿ ಇದು. ಹಾಸ್ಟೆಲ್ ಮಕ್ಕಳಿಗೆ ವಾರಪೂರ್ತಿ ಮೊಟ್ಟೆ. ವಸತಿ ಶಾಲೆಗಳಿಗೆ ಮೈದಾನ, ತಾಲ್ಲೂಕಿಗೊಂದು ಟರ್ಫ್ ಪಿಚ್. ಬೌಲಿಂಗ್ ಶೂ, ಫಿಸಿಯೋ ಸರ್ಕಾರದ ಖರ್ಚಲ್ಲಿ. ಗಾಯವಾದ ಹುಡುಗನಿಗೆ ವಾಸಿಯಾಗೋವರೆಗೆ ಭತ್ಯೆ. ಆಯ್ಕೆ ಸಮಿತಿಗಳಲ್ಲಿ ನಮ್ಮವರಿಗೆ ಕುರ್ಚಿ. ಮತ್ತೆ, ನಮ್ಮ ಮಕ್ಕಳ ಕೈಗೆ ಬ್ಯಾಟೂ ಕೊಡಿ. ಬಾಲೂಗೆ ಕೊಡದೇ ಇದ್ದದ್ದು ಅದು.

2025ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ ಭಾರತ 6 ರನ್‌ಗಳಿಂದ ಗೆದ್ದ ಬೆಳಿಗ್ಗೆ ಕೊನೆಯ ವಿಕೆಟ್ ಕಿತ್ತದ್ದು ಸಿರಾಜ್. ಐದಕ್ಕೆ ಐದೂ ಟೆಸ್ಟ್ ಆಡಿ, 23 ವಿಕೆಟ್ ತೆಗೆದು, ಕೊನೇ ದಿನವೂ ಅದೇ ರಭಸದಲ್ಲಿ ಓಡಿ ಬಂದ. ಅದನ್ನ "ರಾ" ಅನ್ನಬೇಡಿ. ಅದು ಬೆಂದದ್ದು.

ಜೈ ಭೀಮ್.