ಪರೀಕ್ಷೆ ಮೊದಲು ಕೊಟ್ಟಿಗೆಗೆ ಬರಲಿ



ಕೆಚ್ಚಲು ಬಾವಿಗೆ ಔಷಧಿ ಕೊಡಿಸಿದ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಎಷ್ಟೋ ಸಲ ಮೊಸರು ಕೂರುವುದಿಲ್ಲ. ನಿಮ್ಮಲ್ಲಿ ಅನೇಕರು ಇದನ್ನು ಕಂಡಿದ್ದೀರಿ. ಔಷಧಿ ಹಾಲಿಗೆ ಇಳಿದು ಹೆಪ್ಪಿನ ಸೂಕ್ಷ್ಮಜೀವಿಗಳನ್ನೂ ತಡೆದುಬಿಡುತ್ತದೆ. ಡೈರಿಯ ಪರೀಕ್ಷೆ ಹೇಳುವುದನ್ನು ಅಡುಗೆಮನೆಯ ಪಾತ್ರೆ ಮೊದಲಿನಿಂದಲೂ ಹೇಳುತ್ತಾ ಬಂದಿದೆ. ಆದರೆ ಅದು ಹೇಳುವ ಹೊತ್ತಿಗೆ ರಾತ್ರಿ ಕಳೆದಿರುತ್ತದೆ, ಹಾಲು ಸಂಘದ ಕ್ಯಾನು ಸೇರಿರುತ್ತದೆ.

ಇದೇ ಉತ್ತರವನ್ನು ಸುಮಾರು ಗಂಟೆಯೊಳಗೆ ಒಂದು ಕಾಗದದ ಚೂರಿನಿಂದ ಪಡೆಯುವ ವಿದ್ಯೆ ಪ್ರಯೋಗಾಲಯಗಳಲ್ಲಿ ಬೆಳೆದಿದೆ. ಅದರ ಬಗ್ಗೆ ನಾವು ಈಗಲೇ ಮಾತಾಡಬೇಕು ಎಂಬುದು ನನ್ನ ಅಭಿಪ್ರಾಯ.

ವಿಷಯ ಹಳೆಯದು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಮರಳಿನೊಡನೆ ಅರೆದು, ಹಿಂಡಿ ರಸ ತೆಗೆದರು. ರಸದಲ್ಲಿ ಜೀವಂತ ಯೀಸ್ಟ್ ಇರಲಿಲ್ಲ, ಆದರೂ ಸಕ್ಕರೆ ಹಾಕಿದಾಗ ಅದು ಹುಳಿಬಂದು ಗುಳ್ಳೆ ಎದ್ದಿತು. ಮುಂದೆ 1961ರಲ್ಲಿ ಅಮೆರಿಕದಲ್ಲಿ ನೈರೆನ್‌ಬರ್ಗ್ ಮತ್ತು ಮತ್ತಾಯ್ ಅವರು ಇ. ಕೋಲೈ ಎಂಬ ಏಕಕೋಶ ಜೀವಿಯನ್ನು ಒಡೆದು ತೆಗೆದ ಸಾರಕ್ಕೆ ತಾವು ಬರೆದ ಅಪ್ಪಣೆಯನ್ನು ಕೊಟ್ಟರು. ಸಾರ ಆ ಅಪ್ಪಣೆಯಂತೆ ಪ್ರೋಟೀನಿನ ಸರ ಕಟ್ಟಿತು. ಆ ಅಪ್ಪಣೆಯ ಭಾಷೆಯನ್ನು ಬಿಡಿಸಿ ಓದಿದವರಲ್ಲಿ ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಅವರೂ ಒಬ್ಬರು. 1968ರ ನೊಬೆಲ್ ಅವರಿಗೂ ಸಂದಿತು.

ಮನೆಯ ಗೋಡೆ ಕೆಡವಿ ಒಲೆ, ಪಾತ್ರೆ, ಸೌಟು ಮಾತ್ರ ಉಳಿಸಿಕೊಂಡರೂ ಅಡುಗೆ ಆಗುತ್ತದಲ್ಲ, ಹಾಗೆ ಇದು. ಜೀವಿ ಇಲ್ಲ, ಆದ್ದರಿಂದ ಅದು ಮರಿ ಹಾಕಿ ಹೆಚ್ಚುವುದೂ ಇಲ್ಲ. ಇ. ಕೋಲೈ ಹೆಸರು ಕೇಳಿ ಹೆದರಬೇಕಾಗಿಲ್ಲ. 2014ರಲ್ಲಿ ಕೀತ್ ಪಾರ್ಡಿ, ಜೇಮ್ಸ್ ಕಾಲಿನ್ಸ್ ಮತ್ತು ಸಂಗಡಿಗರು ಇಂಥ ಸಾರವನ್ನು ಕಾಗದಕ್ಕೆ ಹೀರಿಸಿ, ಹೆಪ್ಪುಗಟ್ಟಿಸಿ ಒಣಗಿಸಿ ತೋರಿಸಿದರು. ಐಸ್ ಪೆಟ್ಟಿಗೆ ಬೇಡ. ನೀರು ಬಿದ್ದರೆ ಕೆಲಸ ಶುರು. ಕರೆಂಟು ಹೋಗಿ ಬರುವ ಊರಿನವರಿಗೆ ಈ ಒಂದು ಮಾತು ಸಾಕು ಅನಿಸುತ್ತದೆ.

ನಮ್ಮ ಹಾಲಿಗೂ ಇದಕ್ಕೂ ಏನು ಸಂಬಂಧ? ಟೆಟ್ರಾಸೈಕ್ಲಿನ್, ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್‌ನಂಥ ಔಷಧಿಗಳು ರೋಗಾಣುವಿನೊಳಗೆ ಪ್ರೋಟೀನ್ ಕಟ್ಟುವ ಕೆಲಸವನ್ನೇ ಕೆಡಿಸುತ್ತವೆ. ಹಾಗಾಗಿ ಬಣ್ಣ ಕೊಡುವ ಪ್ರೋಟೀನ್ ಕಟ್ಟುವಂತೆ ಸಾರಕ್ಕೆ ಅಪ್ಪಣೆ ಕೊಟ್ಟು ಒಂದು ಹನಿ ಹಾಲು ಬಿಟ್ಟರೆ, ಬಣ್ಣ ಬಂದರೆ ಈ ಔಷಧಿಗಳ ಕಾಟವಿಲ್ಲ, ಬರದಿದ್ದರೆ ಅನುಮಾನ. ಒಂದು ಕೊರತೆಯನ್ನು ಮುಚ್ಚಿಡಬಾರದು. ಪೆನಿಸಿಲಿನ್ ರೋಗಾಣುವಿನ ಗೋಡೆಯನ್ನು ಹೊಡೆಯುವ ಔಷಧಿ. ಗೋಡೆಯೇ ಇಲ್ಲದ ಸಾರ ಅದನ್ನು ಹಿಡಿಯಲಾರದು. ಕೆಚ್ಚಲಿಗೆ ಹಾಕುವ ಟ್ಯೂಬುಗಳಲ್ಲಿ ಆ ಬಗೆಯ ಔಷಧಿ ಸಾಮಾನ್ಯ. ಅದಕ್ಕೆ ಈಗಿರುವ ಪಟ್ಟಿಯೇ ಬೇಕು. ಎರಡೂ ಸೇರಿದ ಕಿಟ್ ಬಂದರೆ ಮಾತ್ರ ನಮಗೆ ಲಾಭ.

ಇನ್ನು ನನ್ನ ತಕರಾರು. ಹೊಸ ಪರೀಕ್ಷೆ ಬಂದಾಗೆಲ್ಲ ಅದು ಮೊದಲು ಬರುವುದು ಹಾಲು ತಿರಸ್ಕರಿಸುವ ಜಾಗಕ್ಕೆ. ಟ್ಯಾಂಕರ್ ಹತ್ತಿರ ಗೊತ್ತಾದರೆ ಒಬ್ಬಳ ಮನೆಯ ಎರಡು ಲೀಟರಿನಿಂದ ಇಡೀ ಊರಿನ ಹಾಲು ಚರಂಡಿಗೆ. ತಪ್ಪು ಹೊರುವವಳು ಹಸು ಕಟ್ಟುವ ಹೆಂಗಸು, ಬಟವಾಡೆಯಲ್ಲಿ ಹಣ ಕಡಿಮೆಯಾಗುವುದು ಎಲ್ಲರಿಗೂ. ಅದೇ ಪರೀಕ್ಷೆ ಹಿಂದಿನ ಸಂಜೆ ಕೊಟ್ಟಿಗೆಯಲ್ಲಿ ನಡೆದರೆ? ಔಷಧಿ ಮುಗಿದ ಹಸುವಿನ ಹಾಲನ್ನು ಸಂಜೆ ಕರೆದು, ಹನಿ ಬಿಟ್ಟು, ಬಣ್ಣ ಬಾರದಿದ್ದರೆ ಬೆಳಿಗ್ಗೆ ಆ ಒಂದು ಹಸುವಿನ ಹಾಲನ್ನು ಮಾತ್ರ ಬಿಡುತ್ತೇವೆ. ಯಾರಿಗೂ ಅವಮಾನವಿಲ್ಲ. ಪರೀಕ್ಷೆಯ ಖರ್ಚನ್ನು ಒಕ್ಕೂಟ ಹೊರಬೇಕು. ಒಂದು ಟ್ಯಾಂಕರ್ ಹಾಲು ಚೆಲ್ಲುವ ನಷ್ಟಕ್ಕಿಂತ ಅದು ದೊಡ್ಡದಾಗಲಾರದು.

ಇಂಥ ಕಾಗದ ಇನ್ನೂ ನಮ್ಮ ಸಂಘಗಳ ಮೇಜಿಗೆ ಬಂದಿಲ್ಲ. ಅಲ್ಲಿಯವರೆಗೆ ಇಂಜೆಕ್ಷನ್ ಕೊಟ್ಟ ದಿನವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯಿರಿ. ಎಷ್ಟು ದಿನ ಹಾಲು ಬಿಡಬಾರದೆಂದು ವೈದ್ಯರನ್ನು ಕೇಳಿಯೇ ಅವರನ್ನು ಕಳುಹಿಸಿ. ಒಂದೇ ತೊಟ್ಟಿಗೆ ಟ್ಯೂಬ್ ಹಾಕಿದ್ದರೂ ನಾಲ್ಕೂ ತೊಟ್ಟಿನ ಹಾಲು ಕ್ಯಾನಿಗೆ ಬೇಡ. ಕಾಯಿಸಿದರೆ ಔಷಧಿ ಹೋಗುತ್ತದೆಂಬ ಮಾತನ್ನು ನಂಬಬೇಡಿ.

ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಬೋನಸ್ ಮಾತು ಮುಗಿದ ಮೇಲೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ಹೊಸ ಪರೀಕ್ಷಾ ಕಿಟ್ ತರಿಸುವಾಗ ಅದು ಮೊದಲು ಯಾರ ಕೈಗೆ ಕೊಡುತ್ತೀರಿ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.