ಡೈರಿ ಚೀಟಿಯಲ್ಲಿ ಹಸುವಿನ ನಾಡಿ

ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋಗಿದ್ದ ಅವಳ ಮಗಳು, ಹತ್ತನೇ ತರಗತಿಯ ಹುಡುಗಿ, ಕ್ಯಾನನ್ನು ಜಗುಲಿಯ ಮೇಲೆ ಕುಕ್ಕಿ ಅಳುಮೋರೆ ಮಾಡಿಕೊಂಡು ಕುಳಿತಳು. ‘ಎಸ್‌ಎನ್‌ಎಫ್ ಇಳಿದಿದೆ, ನೀರು ಸೇರಿಸಿದ್ದೀರಾ?’ ಎಂದು ಸಾಲಿನಲ್ಲಿದ್ದವರ ಎದುರಿಗೇ ಕೇಳಿದರಂತೆ. ಮನೆಯಲ್ಲಿರುವುದು ಒಂದೇ ಸೀಮೆ ಹಸು. ಕರು ಹಾಕಿ ಮೂರು ವಾರವಾಗಿತ್ತು. ಅವಳ ಶಾಲೆಯ ಖರ್ಚು ನಡೆಯುವುದೂ ಅದರ ಹಾಲಿನ ದುಡ್ಡಿನಿಂದಲೇ.

ಚೀಟಿ ನೋಡಿದೆ. ಹಿಂದಿನ ವಾರ ಫ್ಯಾಟ್, ಅಂದರೆ ಜಿಡ್ಡು, ಶೇಕಡಾ 4.0 ಇತ್ತು, ಎಸ್‌ಎನ್‌ಎಫ್, ಅಂದರೆ ಜಿಡ್ಡು ಬಿಟ್ಟು ಉಳಿದ ಘನಾಂಶ, 8.6. ಈಗ ಜಿಡ್ಡು 5.0, ಘನಾಂಶ 8.1. ‘ಫ್ಯಾಟ್ ಏರಿದೆಯಲ್ಲ, ಒಳ್ಳೆಯದೇ ಆಯಿತು’ ಎಂದಳು ಅಕ್ಕ. ಹುಡುಗಿ ಒಪ್ಪಲಿಲ್ಲ. ‘ಮಾಮ, ನೀರು ಬೆರೆಸಿದ್ದರೆ ಫ್ಯಾಟೂ ಇಳಿಯಬೇಕಿತ್ತಲ್ಲ?’ ಎಂದು ಕೇಳಿದಳು.

ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ನೀವೂ ಲೆಕ್ಕ ಹಾಕಿ ನೋಡಿ. ಒಂಬತ್ತು ಲೀಟರ್ ಹಾಲಿಗೆ ಒಂದು ಲೀಟರ್ ನೀರು ಸುರಿದರೆ 4.0 ಇದ್ದ ಜಿಡ್ಡು 3.6 ಆಗುತ್ತದೆ, 8.6 ಇದ್ದ ಘನಾಂಶ ಸುಮಾರು 7.7ಕ್ಕೆ ಇಳಿಯುತ್ತದೆ. ನೀರು ಎರಡನ್ನೂ ಒಟ್ಟಿಗೆ ಇಳಿಸುತ್ತದೆ. ಒಂದು ಏರಿ ಇನ್ನೊಂದು ಇಳಿದಿದ್ದರೆ ಕಾರಣವನ್ನು ಹಸುವಿನ ಹೊಟ್ಟೆಯಲ್ಲಿ ಹುಡುಕಬೇಕು.

ಕರು ಹಾಕಿದ ಮೇಲೆ ಹಸುವಿನ ಹಾಲು ವಾರದಿಂದ ವಾರಕ್ಕೆ ಹೆಚ್ಚಿ, ಸುಮಾರು ನಾಲ್ಕರಿಂದ ಎಂಟು ವಾರಗಳಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಆದರೆ ಬಾಣಂತಿ ಹಸುವಿನ ಹಸಿವು ಅಷ್ಟು ಬೇಗ ಹೆಚ್ಚುವುದಿಲ್ಲ. ಖರ್ಚು ಹೆಚ್ಚು, ಆದಾಯ ಕಡಿಮೆ. ಇಂಥ ಸಮಯದಲ್ಲಿ ಹಸು ಕೂಡಿಟ್ಟ ಗಂಟಿಗೆ ಕೈ ಹಾಕುತ್ತದೆ, ತನ್ನ ಮೈಯ ಕೊಬ್ಬನ್ನೇ ಕರಗಿಸತೊಡಗುತ್ತದೆ. ಕರಗಿದ ಕೊಬ್ಬಿನ ಒಂದು ಪಾಲು ಕೆಚ್ಚಲಿಗೆ ಬಂದು ಹಾಲಿನ ಜಿಡ್ಡನ್ನು ಏರಿಸುತ್ತದೆ. ಇನ್ನೊಂದು ಪಾಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಅದನ್ನು ಪೂರ್ತಿ ಉರಿಸಲಾಗದೆ ಕೀಟೋನ್‌ಗಳೆಂಬ ಪದಾರ್ಥಗಳು ಹುಟ್ಟುತ್ತವೆ. ಇವು ಮಿತಿಮೀರಿದಾಗ ಬರುವ ತೊಂದರೆಯೇ ಕೀಟೋಸಿಸ್. ಅದೇ ಹೊತ್ತಿಗೆ, ಶಕ್ತಿಯ ಕೊರತೆಯಿಂದ ಹಾಲಿನ ಪ್ರೋಟೀನು ತಗ್ಗುತ್ತದೆ. ಪ್ರೋಟೀನು ಘನಾಂಶದ ಒಂದು ಭಾಗವಾದ್ದರಿಂದ ಘನಾಂಶವೂ ಇಳಿಯುತ್ತದೆ.

ಆದ್ದರಿಂದಲೇ ತಜ್ಞರು ಜಿಡ್ಡನ್ನು ಪ್ರೋಟೀನಿನಿಂದ ಭಾಗಿಸಿ ನೋಡುತ್ತಾರೆ. ಜಿಡ್ಡು 4.0, ಪ್ರೋಟೀನು 3.2 ಇದ್ದರೆ ಭಾಗಲಬ್ಧ 1.25, ಇದು ಸರಿಯಾದ ಸ್ಥಿತಿ. ಕರು ಹಾಕಿದ ಮೊದಲ ವಾರಗಳಲ್ಲಿ ಅದು 1.4 ಅಥವಾ 1.5ನ್ನು ದಾಟಿದರೆ ಕೀಟೋಸಿಸ್‌ನ ಶಂಕೆ. ನೆದರ್ಲೆಂಡ್ಸ್, ಕೆನಡಾಗಳಲ್ಲಿ ಹಾಲಿನ ಮಾದರಿಗೆ ಅವಕೆಂಪು ಕಿರಣ ಹಾಯಿಸಿ ಕೀಟೋನ್‌ಗಳನ್ನೂ ಅಂದಾಜು ಮಾಡುತ್ತಾರೆ.

ಭಾಗಲಬ್ಧ 1ಕ್ಕಿಂತ ಕೆಳಗೆ ಇಳಿದರೂ ಕಷ್ಟವೇ. ಹುಲ್ಲಿನ ನಾರು ಹೊಟ್ಟೆಯಲ್ಲಿ ಹುದುಗಿದಾಗ ಬರುವ ಅಸಿಟಿಕ್ ಆಮ್ಲ ಹಾಲಿನ ಜಿಡ್ಡಿಗೆ ಕಚ್ಚಾವಸ್ತು. ಹಾಲು ಹೆಚ್ಚಲೆಂದು ಹುಲ್ಲು ಕಡಿಮೆ ಮಾಡಿ ಹಿಂಡಿ, ಧಾನ್ಯ ಸುರಿದರೆ ಹೊಟ್ಟೆಯೊಳಗೆ ಹುಳಿ ಏರುತ್ತದೆ, ಜಿಡ್ಡು ಕುಸಿಯುತ್ತದೆ, ಕ್ರಮೇಣ ಗೊರಸು ನೋಯುತ್ತದೆ. ಹಾಲಿನಲ್ಲಿ ಯೂರಿಯಾ ಹೆಚ್ಚಿದ್ದರೆ, ತಿಂದ ಪ್ರೋಟೀನು ಮೈಗೆ ಹತ್ತದೆ ವ್ಯರ್ಥವಾಗುತ್ತಿದೆ ಎಂದರ್ಥ. ಇದು ಹಸು ತನ್ನ ದೇಹದಲ್ಲೇ ತಯಾರಿಸುವ ಯೂರಿಯಾ. ಕಲಬೆರಕೆಯ ಯೂರಿಯಾ ಬೇರೆ.

ಅಕ್ಕನ ಮನೆಗೆ ಪಶುವೈದ್ಯರು ಬಂದರು. ಹಸು ಎರಡು ದಿನದಿಂದ ಹಿಂಡಿ ಮುಟ್ಟದೆ ಒಣಹುಲ್ಲನ್ನು ಮಾತ್ರ ಮೆಲ್ಲುತ್ತಿತ್ತು. ಅದರ ಉಸಿರಿನಲ್ಲಿ ಉಗುರುಬಣ್ಣದ ವಾಸನೆ. ಒಂದು ಬಿಳಿ ಪುಡಿಗೆ ಅವರು ನಾಲ್ಕು ಹನಿ ಹಾಲು ಹಾಕಿದಾಗ ಅದು ನೇರಳೆಗೆ ತಿರುಗಿತು. 1908ರಲ್ಲಿ ರಾಥೆರಾ ಎಂಬ ವಿಜ್ಞಾನಿ ಮೂತ್ರದಲ್ಲಿ ಕೀಟೋನ್ ಪತ್ತೆಮಾಡಲು ರೂಪಿಸಿದ ಪರೀಕ್ಷೆಯ ರೂಪಾಂತರವಿದು. ‘ಬೆಲ್ಲದ ನೀರು ಕುಡಿಸಿದ್ದೆನಲ್ಲ ಡಾಕ್ಟರೇ?’ ಎಂದಳು ಅಕ್ಕ. ‘ಬೆಲ್ಲ ಹೊಟ್ಟೆಯಲ್ಲೇ ಹುದುಗಿಹೋಗುತ್ತದಮ್ಮ, ರಕ್ತಕ್ಕೆ ಸಕ್ಕರೆಯಾಗಿ ಸೇರುವುದಿಲ್ಲ’ ಎನ್ನುತ್ತ ಅವರು ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೇ ಕೊಟ್ಟರು. ವಾರದೊಳಗೆ ಹಸು ಹಿಂಡಿಗೆ ಬಾಯಿ ಹಾಕಿತು.

ಸಾವಿರ ಹಸುಗಳ ದೊಡ್ಡ ಫಾರಮ್ಮಿನಲ್ಲಿ ಎಲ್ಲ ಹಾಲೂ ಒಂದೇ ಟ್ಯಾಂಕಿಗೆ ಬೀಳುತ್ತದೆ. ಯಾವ ಹಸುವಿಗೆ ಏನಾಗಿದೆ ಎಂದು ತಿಳಿಯಲು ಪ್ರತ್ಯೇಕ ಪರೀಕ್ಷೆ ಬೇಕು. ಒಂದೇ ಹಸುವಿರುವ ನಮ್ಮ ರೈತನ ಕೈಯಲ್ಲಿರುವ ಚೀಟಿಯಾದರೋ ಆ ಒಂದು ಹಸುವಿನದೇ ವರದಿ. ಅದರಲ್ಲಿ ಸಾಮಾನ್ಯವಾಗಿ ಪ್ರೋಟೀನು ಬೇರೆಯಾಗಿ ಇರುವುದಿಲ್ಲ, ನಿಜ. ಆದರೂ ಜಿಡ್ಡು ಏರುತ್ತ ಘನಾಂಶ ಇಳಿಯುತ್ತಿದ್ದರೆ ಎಚ್ಚರಗೊಳ್ಳಲು ಅಷ್ಟು ಸಾಕು.

ಆದರೆ ಒಂದು ದಿನದ ಅಂಕಿ ನೋಡಿ ಗಾಬರಿಯಾಗಬೇಡಿ. ಮೊದಲು ಕರೆದ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಪೂರ್ತಿ ಕರೆದು, ಚೆನ್ನಾಗಿ ಕಲಸಿದ ಹಾಲಿನ ಅಂಕಿಯನ್ನೇ ನಂಬಿ. ತಳಿಯಿಂದ ತಳಿಗೂ ವ್ಯತ್ಯಾಸವಿರುವುದರಿಂದ ನಿಮ್ಮ ಹಸುವನ್ನು ಅದರ ಹಿಂದಿನ ವಾರದೊಂದಿಗೇ ಹೋಲಿಸಿ. ಚೀಟಿ ಕೊಡುವುದು ಸುಳಿವು ಮಾತ್ರ. ರೋಗ ನಿರ್ಣಯ ಪಶುವೈದ್ಯರ ಕೆಲಸ.

ಹುಡುಗಿ ಈಗ ಗಣಿತದ ಹಳೆಯ ನೋಟ್‌ಪುಸ್ತಕದಲ್ಲಿ ದಿನವೂ ಎರಡು ಗೆರೆ ಎಳೆಯುತ್ತಾಳೆ, ಒಂದು ಜಿಡ್ಡಿಗೆ, ಇನ್ನೊಂದು ಘನಾಂಶಕ್ಕೆ. ನಿಮ್ಮ ಮನೆಯಲ್ಲೂ ಹಸುವಿದ್ದರೆ, ನಾಳೆ ಡೈರಿಯಿಂದ ಬಂದಾಗ ಚೀಟಿಯನ್ನು ಎಸೆಯಬೇಡಿ.