ಚಿತ್ರವೂ ಒಂದು ಪ್ರಮಾಣ

ಸಸ್ಯಪ್ರಾಣಿಗಳನ್ನು ಕುರಿತ ಗ್ರಂಥಗಳಲ್ಲಿ ಚಿತ್ರವನ್ನು ಬರಹದ ಅಲಂಕಾರವೆಂದೆಣಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಬರೆದವನ ಹೆಸರು ಮುಖಪುಟದಲ್ಲಿ. ಚಿತ್ರಿಸಿದವನ ಹೆಸರು ಇದ್ದರೆ ಯಾವುದೋ ಮೂಲೆಯಲ್ಲಿ. ಛಾಯಾಚಿತ್ರವು ಸುಲಭವಾಗಿರುವ ಈ ಕಾಲದಲ್ಲಿ ವಿದ್ಯಾರ್ಥಿಗಳ ಕೈಯಿಂದ ಹೂವಿನ ಚಿತ್ರ ಬರೆಸುವುದು ವೃಥಾ ಕಾಲಹರಣವೆಂಬ ಮಾತೂ ಕೇಳಿಬರುತ್ತಿದೆ. ಈ ಎರಡು ಭಾವನೆಗಳಿಗೂ ಇತಿಹಾಸದ ಬೆಂಬಲವಿಲ್ಲ.

‘ಹೋರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥವನ್ನೇ ನೋಡಿ. ಮಲಬಾರಿನ ಡಚ್ ಅಧಿಕಾರಿ ವಾನ್ ರೀಡನು ಸಿದ್ಧಪಡಿಸಿದ ಇದರ 12 ಸಂಪುಟಗಳು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದವು. ಗಿಡಗಳ ಗುಣವನ್ನು ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯ ಮತ್ತು ಕೊಂಕಣಿಗರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರು. ಭಾರತವನ್ನು ಎಂದೂ ಕಾಣದ ಲಿನೇಯಸನು 1753ರಲ್ಲಿ ನಮ್ಮ ಅನೇಕ ಗಿಡಗಳಿಗೆ ಹೆಸರಿಟ್ಟಾಗ ಆಧರಿಸಿದ್ದು ಈ ಗ್ರಂಥದ ತಾಮ್ರಪಟಗಳನ್ನು. ಅವುಗಳ ಹಿಂದೆ ಒಣಗಿಸಿಟ್ಟ ಮಾದರಿಗಳು ಉಳಿದುಬಂದಿಲ್ಲ. ಆದುದರಿಂದ ‘ಈ ಹೆಸರು ಯಾವ ಗಿಡದ್ದು?’ ಎಂಬ ವಾದವೆದ್ದರೆ ಇಂದಿಗೂ ಹಲವು ಹೆಸರುಗಳ ಮಟ್ಟಿಗೆ ಕೊನೆಯ ಪ್ರಮಾಣ ಆ ಚಿತ್ರವೇ. ಅಲಂಕಾರಕ್ಕೆ ಇಂತಹ ಅಧಿಕಾರವುಂಟೆ?

ಚಿತ್ರವೆಲ್ಲವೂ ಪ್ರಮಾಣವೆಂದು ನಾನು ಹೇಳುತ್ತಿಲ್ಲ. ಗುಜರಾತಿನ ಸುಲ್ತಾನನು ಕೊಟ್ಟ ಖಡ್ಗಮೃಗವೊಂದು 1515ರಲ್ಲಿ ಲಿಸ್ಬನ್ನಿಗೆ ಬಂತು. ಜರ್ಮನಿಯ ಡ್ಯೂರರನು ಅದನ್ನು ಕಾಣದೆ, ಯಾರೋ ಬರೆದ ವರ್ಣನೆ ಮತ್ತು ರೇಖಾಚಿತ್ರಗಳಿಂದಲೇ ಮರದಚ್ಚಿನ ಚಿತ್ರ ಮಾಡಿದ. ಚರ್ಮ ಕವಚವಾಯಿತು, ಹೆಗಲ ಮೇಲೊಂದು ಪುಟ್ಟ ಕೊಂಬು ಮೊಳೆಯಿತು. ಕಲೆಯೇನೋ ಅಮೋಘ, ಆದರೆ ಆ ಇಲ್ಲದ ಕೊಂಬು ಎರಡು ಶತಮಾನಗಳಿಗೂ ಮಿಕ್ಕಿ ಯೂರೋಪಿನ ಪುಸ್ತಕಗಳಲ್ಲಿ ಮೆರೆಯಿತು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರನದು ಇದಕ್ಕೆ ಪ್ರತಿಯಾದ ದಾರಿ: ಎದುರಿಗಿಟ್ಟುಕೊಂಡು ನೋಡಿ ಬರೆಯುವುದು. ಬಿಳಿಯ ಸೈಬೀರಿಯದ ಕೊಕ್ಕರೆಯನ್ನು ಪಲ್ಲಾಸನು 1773ರಲ್ಲಿ ಶಾಸ್ತ್ರೀಯವಾಗಿ ವರ್ಣಿಸುವುದಕ್ಕೆ ಒಂದೂವರೆ ಶತಮಾನದಷ್ಟು ಮೊದಲೇ ಮನ್ಸೂರನ ಕುಂಚ ಅದನ್ನು ಹಿಡಿದಿತ್ತು. ಅವನದೆಂದು ಹೇಳಲಾಗುವ ಡೋಡೋ ಪಕ್ಷಿಯ ಚಿತ್ರ ರಷ್ಯದ ಹರ್ಮಿಟೇಜ್ ಸಂಗ್ರಹದಲ್ಲಿದೆ. ಆ ಪಕ್ಷಿಯ ಕುಲ ಅಳಿದು ಮುನ್ನೂರು ವರ್ಷಗಳ ಮೇಲಾಯಿತು. ಮೂಳೆ ಬಣ್ಣವನ್ನು ಹೇಳಲಾರದು, ಚಿತ್ರ ಹೇಳುತ್ತದೆ.

ಛಾಯಾಚಿತ್ರಕ್ಕೆ ಸಿಕ್ಕುವುದು ಒಂದು ಕೊಂಬೆ, ಒಂದು ಗಳಿಗೆ. ಚಿತ್ರಕಾರನಾದರೋ ಮಾಘದ ಹೂವನ್ನೂ ವೈಶಾಖದ ಕಾಯನ್ನೂ ಒಂದೇ ಹಾಳೆಯಲ್ಲಿ ತರಬಲ್ಲ. ಅಂಡಾಶಯವನ್ನು ಸೀಳಿ ಪಕ್ಕದಲ್ಲಿಡಬಲ್ಲ. ಹುಳು ತಿಂದ ಎಲೆಯನ್ನು ಬಿಟ್ಟು, ಆ ಜಾತಿಗೆ ಸಹಜವಾದ ಎಲೆಯನ್ನು ಆರಿಸಬಲ್ಲ. ಈ ಆಯ್ಕೆಯೇ ವಿಜ್ಞಾನ. ಕೇಸರಗಳನ್ನು ಎಣಿಸದೆ ಕೇಸರಗಳನ್ನು ಬರೆಯಲಾಗದು. ತರಗತಿಯಲ್ಲಿ ಚಿತ್ರ ಬರೆಸುವ ಅಧ್ಯಾಪಕರು ಕಲಿಸುತ್ತಿರುವುದು ಚಿತ್ರಕಲೆಯನ್ನಲ್ಲ, ನೋಡುವುದನ್ನು.

ಬಿ. ಜಿ. ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಕೃತಿಗೆ ತಾವೇ ಚಿತ್ರ ಬರೆದರು. ನಮ್ಮ ಸಾಹಿತ್ಯ ವಿಮರ್ಶಕರು ಆ ಗ್ರಂಥದ ಹಾಸ್ಯವನ್ನು ಮೆಚ್ಚಿದಷ್ಟು ಅದರ ರೇಖೆಗಳನ್ನು ಓದಿಲ್ಲವೆಂಬುದು ನನ್ನ ದೂರು.

ಇನ್ನು ಹೆಸರಿನ ಮಾತು. ಮದರಾಸು ಸೀಮೆಯ ಗಿಡಗಳನ್ನು ಕುರಿತು ರಾಬರ್ಟ್ ವೈಟನು 1838ರಿಂದ 1853ರವರೆಗೆ ಪ್ರಕಟಿಸಿದ ‘ಐಕೋನೆಸ್’ ಗ್ರಂಥದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಪಟಗಳಿವೆ. ಅವುಗಳ ಬೆನ್ನಿಗಿದ್ದವರು ರಂಗಯ್ಯ ಮತ್ತು ಗೋವಿಂದು. ಹ್ಯೂ ಕ್ಲೆಗ್‌ಹಾರ್ನನು 1840ರ ದಶಕದಲ್ಲಿ ಶಿವಮೊಗ್ಗೆಯಲ್ಲಿದ್ದಾಗ ಮರಾಠಿ ಕಲಾವಿದನೊಬ್ಬನಿಂದ ದಿನಕ್ಕೊಂದು ಗಿಡವೆಂಬಂತೆ ಬರೆಯಿಸಿದ. ಅವನ ಚಿತ್ರಸಂಗ್ರಹವಿಂದು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿದೆ. ಮಲೆನಾಡಿನ ಗಿಡಗಳ ಈ ದಾಖಲೆಯನ್ನು ನಮ್ಮ ವಿಶ್ವವಿದ್ಯಾನಿಲಯಗಳು ಒಳ್ಳೆಯ ಪ್ರತಿಗಳಾಗಿ ತರಿಸಿ, ಕನ್ನಡ ವಿವರಣೆಯೊಡನೆ ಅಚ್ಚು ಹಾಕಿಸಬೇಕು. ಕಲಾವಿದರ ಹೆಸರು ತಿಳಿದಿರುವೆಡೆಯಲ್ಲೆಲ್ಲ ಅದು ಮುಖಪುಟದಲ್ಲೇ ಇರಬೇಕು. ವೈಟನಿಗಾದರೂ ಈ ಋಣದ ಅರಿವಿತ್ತು. ಒಂದು ಸೀತಾಳೆ ಕುಲಕ್ಕೆ ಅವನು ಗೋವಿಂದುವಿನ ಹೆಸರನ್ನೇ ಇಟ್ಟ. ಮುಂದಿನ ವಿದ್ವಾಂಸರು ಅದನ್ನು ಇನ್ನೊಂದು ಕುಲದಲ್ಲಿ ಸೇರಿಸಿದ್ದರಿಂದ ಆ ಹೆಸರು ಈಗ ಬಳಕೆಯಲ್ಲಿಲ್ಲ.